ಅಂಗಾಲು ಉರಿ ನಿದ್ದೆ ಕೆಡಿಸುತ್ತಿದೆಯಾ? ಶುಗರ್ ಇದ್ದವರು ಹೀಗೆ ಮಾಡಿ

ಹಗಲು ಕೆಲಸದ ಗಡಿಬಿಡಿಯಲ್ಲಿ ಹೇಗೋ ಕಳೆದುಹೋಗುತ್ತದೆ. ರಾತ್ರಿ ಊಟ ಮುಗಿಸಿ ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಅಂಗಾಲು ಧಗಧಗ ಅನ್ನಲು ಶುರು. ಕೆಲವರಿಗೆ ಸೂಜಿ ಚುಚ್ಚುತ್ತದೆ, ಕೆಲವರಿಗೆ ಕರೆಂಟ್ ಹೊಡೆಯುತ್ತದೆ, ಇನ್ನು ಕೆಲವರಿಗೆ ಚಾದರ ತಾಗಿದರೂ ತಡೆಯಲು ಆಗುವುದಿಲ್ಲ. ನಮ್ಮ ವಿಜಯಪುರದ ಕಡೆ ಇದಕ್ಕೆ ಮೊದಲು ಸಿಗುವ ಉತ್ತರ, "ಉಷ್ಣ ಆಗೇತಿ, ಹರಳೆಣ್ಣಿ ಹಚ್ಚು". ಹರಳೆಣ್ಣೆ ಆಯಿತು, ಮದರಂಗಿ ಆಯಿತು, ಕಂಚಿನ ಬಟ್ಟಲಿನಿಂದ ತಿಕ್ಕಿಸಿಕೊಂಡದ್ದೂ ಆಯಿತು. ಆಮೇಲೆ ಔಷಧ ಅಂಗಡಿಯವರು ಕೊಟ್ಟ 'ನರದ ಗುಳಿಗೆ'. ಅಷ್ಟರಲ್ಲಿ ವರ್ಷವೇ ಉರುಳಿರುತ್ತದೆ.

ಎಣ್ಣೆ ಹಚ್ಚಿದರೆ ಹಿತ ಅನಿಸುವುದು ನಿಜ, ಚರ್ಮ ಸರಿಯಿದ್ದರೆ ಅದರಿಂದ ತೊಂದರೆಯೂ ಇಲ್ಲ. ಆದರೆ ಶುಗರ್ ಇದ್ದವರ ಅಂಗಾಲು ಉರಿಗೆ ಬೇಸಿಗೆ ಕಾರಣವಲ್ಲ, ಬದನೆಕಾಯಿಯೂ ಕಾರಣವಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದಾಗ ನರಗಳು, ಅವಕ್ಕೆ ರಕ್ತ ಕೊಡುವ ಸಣ್ಣ ರಕ್ತನಾಳಗಳು ಎರಡೂ ಹಾಳಾಗುತ್ತವೆ. ಎಲ್ಲಕ್ಕಿಂತ ಉದ್ದದ ನರ ಮೊದಲು ಪೆಟ್ಟು ತಿನ್ನುತ್ತದೆ. ಅದಕ್ಕೇ ಎರಡೂ ಕಾಲಿನ ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಹಾಕಿದಷ್ಟು ಜಾಗಕ್ಕೆ ನಿಧಾನಕ್ಕೆ ಹತ್ತುತ್ತದೆ. ಒಂದೇ ಕಾಲಿಗೆ ಉರಿ ಇದ್ದರೆ, ಅಥವಾ ಸೊಂಟದಿಂದ ಸೆಳೆತ ಇಳಿಯುತ್ತಿದ್ದರೆ ಅದು ಬೇರೆಯೇ ಕಥೆ ಇರಬಹುದು, ತೋರಿಸಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. "ಮೊದ್ಲು ಬಾಳ ಉರೀತಿತ್ತು, ಈಗ ತಾನೇ ಕಡಿಮೆ ಆಗೇತಿ" ಎಂದು ಸಮಾಧಾನಪಡುವವರು ಬಹಳ ಜನ. ಔಷಧವೂ ಇಲ್ಲದೆ, ಶುಗರ್ ಹತೋಟಿಗೂ ಬಾರದೆ ಉರಿ ನಿಂತಿದ್ದರೆ ನರ ಗುಣವಾಗಿದೆ ಎಂದು ತಿಳಿಯಬೇಡಿ. ಅದು ಸುದ್ದಿ ಮುಟ್ಟಿಸುವುದನ್ನೇ ಬಿಟ್ಟಿರಬಹುದು. ಉರಿಯುವ ಕಾಲು ನಿದ್ದೆ ಕೆಡಿಸುತ್ತದೆ, ಮರಗಟ್ಟಿದ ಕಾಲು ಮುಳ್ಳು ತುಳಿದರೂ ಸುಮ್ಮನಿರುತ್ತದೆ. ಹಾಗಾಗಿ ಇಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯಬೇಕು: ನೋವು ತಗ್ಗಿಸುವುದು, ಕಾಲು ಕಾಯುವುದು.

ಮೊದಲು ಮನೆಯಲ್ಲೇ ಮುಟ್ಟಿ ನೋಡಿ

ಕಾಲಿನ ಸ್ಪರ್ಶ ಎಷ್ಟು ಉಳಿದಿದೆ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಢಿಗೆ ತಂದದ್ದರಿಂದ ಇಪ್ಸ್‌ವಿಚ್ ಟಚ್ ಟೆಸ್ಟ್ ಅನ್ನುತ್ತಾರೆ. ಶುಗರ್ ಇದ್ದವರು ಕಾಲು ಚಾಚಿ ಮಲಗಿ ಕಣ್ಣು ಮುಚ್ಚಲಿ. ಮನೆಯವರೊಬ್ಬರು ತೋರುಬೆರಳಿನಿಂದ ಕಾಲ್ಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು 6 ಕಡೆ. ತಾಗಿದಾಗ "ಬಲ", "ಎಡ" ಎಂದು ಹೇಳಬೇಕು. ಒತ್ತುವುದು, ಸವರುವುದು, ಚುಚ್ಚುವುದು ಬೇಡ. ಗೊತ್ತಾಗಲಿಲ್ಲ ಅಂತ ಅದೇ ಬೆರಳನ್ನು ಮತ್ತೆ ಮುಟ್ಟುವುದೂ ಬೇಡ. ನಮ್ಮ ಮನೆಗಳಲ್ಲಿ ಮೊಮ್ಮಕ್ಕಳು ಇದನ್ನು ಆಟದ ಹಾಗೆ ಖುಷಿಯಿಂದ ಮಾಡುತ್ತಾರೆ, ಅಜ್ಜ ಮಾತ್ರ ಕಣ್ಣು ಸಂದಿ ಬಿಟ್ಟು ನೋಡದ ಹಾಗೆ ಕಾಯಬೇಕು ಅಷ್ಟೆ! ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದೇ ಲೆಕ್ಕ, ವೈದ್ಯರಿಗೆ ತೋರಿಸಬೇಕು.

ಅಲ್ಲಿ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ, ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ತಿಳಿಯುತ್ತದಾ ಎಂದು ನೋಡುತ್ತಾರೆ. ಪಾದದ ನಾಡಿಯನ್ನೂ ಹಿಡಿದು ನೋಡಬೇಕು. ಶುಗರ್ ಇದ್ದ ಎಲ್ಲರಿಗೂ ಇದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಎಷ್ಟೋ ಕಡೆ ಚಪ್ಪಲಿಯನ್ನೇ ಬಿಚ್ಚಿಸದೆ ಚೀಟಿ ಬರೆದು ಕಳಿಸುತ್ತಾರೆ. ನೀವೇ ಚಪ್ಪಲಿ ಬಿಟ್ಟು, ಕಾಲು ಮುಂದೆ ಮಾಡಿ, "ಡಾಕ್ಟ್ರೇ, ಕಾಲು ನೋಡ್ರಿ" ಎಂದು ಕೇಳಿ. ಸಂಕೋಚ ಬೇಡ.

ಉರಿಗೆಲ್ಲ ಶುಗರ್ ಒಂದೇ ಕಾರಣ ಅಂತಲೂ ಇಲ್ಲ. ಬಿ12 ಕೊರತೆ, ಥೈರಾಯ್ಡ್, ಕಿಡ್ನಿ ತೊಂದರೆ, ಕುಡಿತ, ಕೆಲವು ಟಿಬಿ ಔಷಧ, ಇವುಗಳಿಂದಲೂ ಇದೇ ರೀತಿ ಉರಿ ಬರುತ್ತದೆ. ಬಿ12 ಕಡೆ ನಮ್ಮವರು ಸ್ವಲ್ಪ ಜಾಸ್ತಿಯೇ ಗಮನ ಕೊಡಬೇಕು. ಶುಗರ್‌ಗೆ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆ ಆಗಬಹುದು, ಮೇಲಾಗಿ ರೊಟ್ಟಿ, ಕಾಳು, ಪಲ್ಯದಲ್ಲಿ ಬಿ12 ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರಿನಿಂದ ಬಂದಷ್ಟೇ. ಹಾಗಂತ ಮೆಟ್‌ಫಾರ್ಮಿನ್ ಬಿಡಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಸೂಜಿ ಅಥವಾ ಗುಳಿಗೆಯಿಂದ ಅನುಕೂಲ ಆಗುತ್ತದೆ. ಕೊರತೆಯೇ ಇಲ್ಲದವರು ತಿಂಗಳು ತಿಂಗಳು 'ನರದ ಸೂಜಿ' ಮಾಡಿಸಿಕೊಳ್ಳುವುದು ಸುಮ್ನೆ ದುಡ್ಡು ದಂಡ.

ನೋವಿಗೆ ಔಷಧ

ಮೊದಲನೇ ಔಷಧ ಶುಗರ್ ಹತೋಟಿಯೇ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬಹಳಷ್ಟು ಜನರಿಗೆ 7ರ ಆಸುಪಾಸು ಇರಲಿ ಅನ್ನುತ್ತಾರೆ, ವಯಸ್ಸಾದವರಿಗೆ ಸ್ವಲ್ಪ ಸಡಿಲ. ಹಾಳಾದ ನರವನ್ನು ಇದು ಮೊದಲಿನ ಹಾಗೆ ಮಾಡಿಕೊಡುತ್ತದೆ ಎಂದು ಹೇಳಲಾಗದು, ಮುಂದೆ ಹಾಳಾಗುವುದನ್ನು ನಿಧಾನ ಮಾಡುತ್ತದೆ. ಹಾಗಂತ ಒಂದೇ ಸಲ ಜಗ್ಗಿ ಇಳಿಸಲು ಹೋಗಬೇಡಿ. ಬಹಳ ವರ್ಷ ಏರಿದ್ದ ಶುಗರ್ ಕೆಲವೇ ವಾರಗಳಲ್ಲಿ ಕೆಳಗಿಳಿದರೆ ಕೆಲವರಿಗೆ ಕಾಲುರಿ ಕೆಲಕಾಲ ಜಾಸ್ತಿಯೇ ಆಗುತ್ತದೆ. "ಇನ್ಸುಲಿನ್ ಆಗಿಬರಲಿಲ್ಲ" ಎಂದು ಅಲ್ಲಿಗೇ ಬಿಟ್ಟುಬಿಡುವವರು ಇದ್ದಾರೆ. ಬಿಡಬಾರದು, ವೈದ್ಯರಿಗೆ ಹೇಳಬೇಕು.

ನರದ ನೋವಿಗೆ ಸಾಮಾನ್ಯವಾಗಿ ಬರೆಯುವುದು ಪ್ರಿಗಾಬಲಿನ್, ಗ್ಯಾಬಾಪೆಂಟಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್. ಇವುಗಳಲ್ಲಿ ಕೊನೆಯ ಎರಡನ್ನು ಖಿನ್ನತೆಗೂ ಕೊಡುತ್ತಾರೆ. ಮಕ್ಕಳು ಮೊಬೈಲ್‌ನಲ್ಲಿ ಹುಡುಕಿ "ಅಪ್ಪಗ ತಲಿ ಕೆಟ್ಟವರ ಗುಳಿಗಿ ಕೊಟ್ಟಾರ" ಎಂದು ಗಾಬರಿಯಾಗಿ ನಿಲ್ಲಿಸುವುದು ಇಲ್ಲಿಯೇ. ಅದೇ ಗುಳಿಗೆ ನರದ ನೋವಿನ ಸುದ್ದಿಯನ್ನೂ ತಗ್ಗಿಸುತ್ತದೆ, ಹೆದರಬೇಕಿಲ್ಲ. ಸಣ್ಣ ಡೋಸ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ, ಗುಣ ಕಾಣಲು ಕೆಲವು ವಾರ ಬೇಕು. ನೋವು ಅರ್ಧಕ್ಕೆ ಇಳಿದು ರಾತ್ರಿ ನಿದ್ದೆ ಬಂದರೆ ಔಷಧ ಕೆಲಸ ಮಾಡಿದೆ ಅಂದುಕೊಳ್ಳಿ, ಪೂರ್ತಿ ಮಾಯವಾಗುವುದು ಕಡಿಮೆ. ಪ್ರಿಗಾಬಲಿನ್‌ನಿಂದ ತೂಕಡಿಕೆ, ತಲೆಸುತ್ತು, ಕಾಲು ಬಾವು ಬರಬಹುದು. ರಾತ್ರಿ ಬಚ್ಚಲಿಗೆ ಏಳುವ ಹಿರಿಯರು ಒಮ್ಮೆಲೆ ಎದ್ದು ನಿಲ್ಲಬಾರದು. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ (ಕಣ್ಣಿನ ಒಳಒತ್ತಡದ ಕಾಯಿಲೆ), ಹೃದಯದ ಕಾಯಿಲೆ ಇದ್ದವರು ಅಮಿಟ್ರಿಪ್ಟಿಲಿನ್‌ಗೆ ಮುಂಚೆಯೇ ಅದನ್ನು ವೈದ್ಯರಿಗೆ ತಿಳಿಸಬೇಕು. ಕಿಡ್ನಿ ಸೋತಿದ್ದರೆ ಪ್ರಿಗಾಬಲಿನ್, ಗ್ಯಾಬಾಪೆಂಟಿನ್ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಹಾಗಾಗಿ ಪಕ್ಕದ ಮನೆ ಕಾಕಾನ ಚೀಟಿ ತೋರಿಸಿ ಗುಳಿಗೆ ತರಬೇಡಿ. ತಾವಾಗಿಯೇ ದಿಢೀರ್ ನಿಲ್ಲಿಸುವುದೂ ಬೇಡ. ಜನೌಷಧಿ ಕೇಂದ್ರದಲ್ಲಿ ಇಂಥ ಗುಳಿಗೆ ಕಡಿಮೆ ಬೆಲೆಗೆ ಸಿಗುತ್ತದೆ. ಜಿಲ್ಲಾ, ತಾಲ್ಲೂಕು ಸರ್ಕಾರಿ ದವಾಖಾನೆಯ ಎನ್‌ಸಿಡಿ (ಅಂಟದ ರೋಗಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡುತ್ತಾರೆ.

ಸಂತೆಗೆ ಹೋದಾಗ ಒಂದು ಪಟ್ಟಿ ತಂದಿಟ್ಟುಕೊಂಡು ನುಂಗುವ ಡೈಕ್ಲೊಫಿನ್ಯಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಈ ಉರಿಗೆ ಅಷ್ಟೇನೂ ಕೆಲಸ ಮಾಡುವುದಿಲ್ಲ. ಶುಗರ್‌ನಿಂದ ಮೊದಲೇ ಬಳಲಿದ ಕಿಡ್ನಿಗೆ ಮಾತ್ರ ಪೆಟ್ಟು ಕೊಡುತ್ತದೆ.

ಹಚ್ಚುವುದಕ್ಕೆ ಕ್ಯಾಪ್ಸೈಸಿನ್ ಮುಲಾಮು ಇದೆ. ಮೆಣಸಿನಕಾಯಿಯ ಖಾರವೇ ಕ್ಯಾಪ್ಸೈಸಿನ್, ಉರಿಗೆ ಖಾರ ಹಚ್ಚುವುದಾ ಎಂದು ನಗು ಬರಬಹುದು. ಮೊದಮೊದಲು ಉರಿ ಏರಿಸಿಯೇ ಆಮೇಲೆ ಇಳಿಸುತ್ತದೆ. ವೈದ್ಯರು ಹೇಳಿದಷ್ಟು ಸಲ, ಕೆಲವು ವಾರ ಬಿಡದೆ ಹಚ್ಚಬೇಕು. ಗಾಯ, ಬಿರುಕು ಇದ್ದ ಕಡೆ ಮುಟ್ಟಿಸಬಾರದು. ಹಚ್ಚಿದ ಕೈ ಸೋಪಿನಿಂದ ತೊಳೆಯದೆ ಕಣ್ಣು ಉಜ್ಜಿಕೊಂಡರೆ ಏನಾಗುತ್ತದೆ ಎಂದು ಖಾರ ಕುಟ್ಟುವ ಮನೆಯವರಿಗೆ ಹೇಳಿಕೊಡಬೇಕಾ?

ರಾತ್ರಿ ಕಳೆಯುವ ಉಪಾಯ

ಚಾದರದ ಸ್ಪರ್ಶವೇ ನೋವಾಗುವವರು ಹಾಸಿಗೆಯ ಕಾಲ್ದೆಸೆಯಲ್ಲಿ ಒಂದು ರಟ್ಟಿನ ಡಬ್ಬಿ ಅಥವಾ ಗಿಡ್ಡ ಸ್ಟೂಲ್ ಇಟ್ಟು ಅದರ ಮೇಲೆ ಚಾದರ ಹೊದಿಸಿ, ಕೆಳಗೆ ಕಾಲು ಆರಾಮಾಗಿ ಇರುತ್ತದೆ. ಸಡಿಲವಾದ ಹತ್ತಿ ಕಾಲುಚೀಲ ಕೆಲವರಿಗೆ ಹಿತ. ಮಲಗುವ ಮುಂಚೆ ಕೊಡದ ತಣ್ಣೀರಲ್ಲಿ ಐದು ನಿಮಿಷ ಕಾಲಿಟ್ಟು, ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡರೆ ಉರಿ ಸ್ವಲ್ಪ ತಗ್ಗುತ್ತದೆ. ಐಸ್ ಬೇಡ. ಬಿಸಿನೀರಂತೂ ಬೇಡವೇ ಬೇಡ, ಉಪ್ಪು ಹಾಕಿದರೂ ಅಷ್ಟೇ. ಸ್ಪರ್ಶ ಕಡಿಮೆಯಾದ ಕಾಲಿಗೆ ಸುಡುವ ನೀರು ಬೆಚ್ಚಗೆ ಅನಿಸುತ್ತದೆ, ಬೊಬ್ಬೆ ಎದ್ದಿದ್ದು ಬೆಳಿಗ್ಗೆ ಗೊತ್ತಾಗುತ್ತದೆ. ಸ್ನಾನದ ನೀರನ್ನೂ ಮೊಣಕೈ ಅದ್ದಿ ನೋಡಿ, ಇಲ್ಲವೇ ಮನೆಯವರ ಕೈಲಿ ನೋಡಿಸಿ.

ಹೊಲದ ಮನೆಯಲ್ಲಿ ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಕಾಟ ಇಲಿ. ಮರಗಟ್ಟಿದ ಬೆರಳನ್ನು ರಾತ್ರಿ ಇಲಿ ಕಡಿದರೂ ಎಚ್ಚರ ಆಗುವುದಿಲ್ಲ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ವೈದ್ಯರು ಇಂಥ ಗಾಯ ನೋಡುತ್ತಾರೆ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಸಿಗಿಸಿ.

ಸಂಜೆ ನಡೆಯುವುದು ಶುಗರ್‌ಗೂ ಒಳ್ಳೆಯದು, ನಿದ್ದೆಗೂ. ಅಂಗಾಲಲ್ಲಿ ಗಾಯ ಇದ್ದರೆ ಮಾತ್ರ ನಡಿಗೆ ಬಿಟ್ಟು ಕುಳಿತಲ್ಲೇ ವ್ಯಾಯಾಮ ಮಾಡಿ. ತಂಬಾಕು, ಬೀಡಿ, ಗುಟ್ಕಾ ರಕ್ತನಾಳ ಕುಗ್ಗಿಸುತ್ತವೆ, ಕುಡಿತ ನರಕ್ಕೇ ನೇರ ಏಟು. ಇದು ಗೊತ್ತಿಲ್ಲದವರು ಯಾರೂ ಇಲ್ಲ, ಬಿಡುವುದೇ ಕಷ್ಟ.

ಕಾಲು ಕಾಯುವುದು

ದಿನಾ ರಾತ್ರಿ ಬೆಳಕಲ್ಲಿ ಕುಳಿತು ಕಾಲು ನೋಡಿಕೊಳ್ಳಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಅಂಗಾಲು ಹಿಡಿಯಿರಿ. ಹಿಮ್ಮಡದ ಬಿರುಕು, ಬೆರಳ ಸಂದಿಯ ಬಿಳಿ ಕೊಳೆತ, ಆಣಿಯ ಸುತ್ತ ಕೆಂಪು, ಉಗುರ ಮೂಲೆ, ಇವೇ ನೋಡಬೇಕಾದ ಜಾಗ. ಎಣ್ಣೆ ಅಥವಾ ವ್ಯಾಸಲೀನ್ ಅಂಗಾಲಿಗೆ, ಹಿಮ್ಮಡಕ್ಕೆ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರು ನೇರ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿಪಟ್ಟಿ ಹಚ್ಚುವುದು ಎರಡೂ ಬಿಡಿ. ಆ ಪಟ್ಟಿಯಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಚಪ್ಪಲಿ ವಿಷಯಕ್ಕೆ ನಮ್ಮವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಇದು ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗೂ ಅದರ ಪಾಲಿದೆ, ಹೆಮ್ಮೆಯೇ. ಹೊಸದರಲ್ಲಿ ಎಣ್ಣೆ ಕುಡಿಸಿ, ಕಚ್ಚಿಸಿಕೊಂಡು, ಕಾಲಿಗೆ ಒಗ್ಗಿಸಿಕೊಳ್ಳುವುದು ರೂಢಿ. ಮರಗಟ್ಟಿದ ಕಾಲಿಗೆ ಆ ಕಚ್ಚುವುದೇ ಗೊತ್ತಾಗುವುದಿಲ್ಲ, ಗಟ್ಟಿ ಚರ್ಮದ ಅಟ್ಟೆಯೂ ಅಂಗಾಲಿಗೆ ಮೆತ್ತಗಿನ ಆಸರೆ ಕೊಡುವುದಿಲ್ಲ. ಸ್ಪರ್ಶ ಕಡಿಮೆಯಾದವರು ಅದನ್ನು ಮದುವೆ ಮುಂಜಿಗೂ ಹಾಕದಿರುವುದು ಒಳ್ಳೆಯದು. ಬೇಕಾದ್ದು ಒಳಗೆ ಮೆತ್ತನೆಯ ಎಂಸಿಆರ್ ರಬ್ಬರ್, ಹೊರಗೆ ಗಟ್ಟಿ ತಳ, ಹಿಮ್ಮಡಕ್ಕೆ ಪಟ್ಟಿ ಇರುವ ಚಪ್ಪಲಿ. ಹೆಬ್ಬೆರಳ ಸಂದಿಯ ಉಂಗುಷ್ಠ ಬೇಡ. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಹಾಳೆಯ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿ, ಅಂಗಡಿಗೆ ಒಯ್ಯಿರಿ. ಹಾಳೆ ಮಡಚದೆ ಚಪ್ಪಲಿಯಲ್ಲಿ ಕೂತರೆ ಅಳತೆ ಸರಿ. ಶೂ ಹಾಕುವವರು ಪ್ರತಿ ಸಲ ಒಳಗೆ ಕೈ ಹಾಕಿ ನೋಡಬೇಕು: ಹರಳು, ಮೊಳೆ, ಒಮ್ಮೊಮ್ಮೆ ಚೇಳು.

ಹೊಲದಲ್ಲಿ ಜಾಲಿಮುಳ್ಳು, ಕಬ್ಬು ಕಡಿದ ಮೇಲಿನ ಕೂಳೆ ಎರಡೂ ಸಾಮಾನ್ಯ ಚಪ್ಪಲಿಯನ್ನು ದಾಟಿ ಬರುತ್ತವೆ. ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸುವವರು ಗಮ್ ಬೂಟ್ ಹಾಕಿ, ಬಂದ ಮೇಲೆ ಕಾಲು ಒಣಗಿಸಿ. ಬೇಸಿಗೆ ಮಧ್ಯಾಹ್ನ ಗುಡಿಯ ಹಾಸುಗಲ್ಲು ಹೆಂಚಿನಂತೆ ಕಾದಿರುತ್ತದೆ, ಬೆಳಿಗ್ಗೆಯೇ ದರ್ಶನ ಮುಗಿಸಿ, ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಹರಕೆ ಹೊತ್ತವರು ನಮ್ಮ ಕಡೆ ಇದ್ದಾರೆ. ಮುಟ್ಟುವ ಪರೀಕ್ಷೆಯಲ್ಲಿ ಬೆರಳು ಮರಗಟ್ಟಿದ್ದು ಗೊತ್ತಾದರೆ ಈ ಸಲ ಬಸ್ಸು ಹತ್ತಿ. ಇಲ್ಲವೇ ದಾರಿಯಲ್ಲಿ ಪಾದಯಾತ್ರಿಗಳಿಗೆ ನೀರು, ಮಜ್ಜಿಗೆ ಕೊಡುವ ಸೇವೆಗೆ ನಿಲ್ಲಿ, ಮಲ್ಲಯ್ಯ ಬೇಡ ಅನ್ನುವುದಿಲ್ಲ.

ತಡ ಮಾಡಬಾರದ್ದು

ಹುಣ್ಣು, ಕೀವು, ವಾಸನೆ, ಕಪ್ಪಾದ ಬೆರಳು, ಗಾಯದ ಜೊತೆ ಜ್ವರ, ಇವುಗಳಿಗೆ ಅರಿಶಿನ ಮೆತ್ತಿ ಕಾಯುವುದು ಬೇಡ, ಅದೇ ದಿನ ದವಾಖಾನೆಗೆ ಹೋಗಿ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದ್ದರೆ ರಕ್ತನಾಳ ಕಟ್ಟಿರಬಹುದು, ಅದನ್ನೂ ಹೇಳಿ. ಇನ್ನೊಂದನ್ನು ಮನೆಯವರೂ ಒಮ್ಮೊಮ್ಮೆ ವೈದ್ಯರೂ ಉಳುಕು ಎಂದುಕೊಳ್ಳುತ್ತಾರೆ: ಒಂದೇ ಪಾದ ಕೆಂಪಾಗಿ, ಬಿಸಿಯಾಗಿ, ಬಾತುಕೊಂಡಿರುತ್ತದೆ, ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಶಾರ್ಕೊ ಪಾದ ಎನ್ನುವ ಈ ತೊಂದರೆಯಲ್ಲಿ ಒಳಗೆ ಎಲುಬು ಕುಸಿಯುತ್ತಿರಬಹುದು. ತಿಕ್ಕಿಸಬೇಡಿ, ಆ ಕಾಲಿನ ಮೇಲೆ ಭಾರ ಹಾಕಬೇಡಿ, ಯಾರನ್ನಾದರೂ ಕರೆದು ಗಾಡಿಯಲ್ಲಿ ಹೋಗಿ. ಹೋಗುವಾಗ ನುಂಗುತ್ತಿರುವ ಎಲ್ಲ ಗುಳಿಗೆಯ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹೆಸರು ನೆನಪಿಟ್ಟುಕೊಳ್ಳುವ ಗೊಡವೆ ಬೇಡ.