ತಾಯಿಮೀನು ಆರಿಸುವಾಗ ಗಂಡುಗಳನ್ನೂ ಎಣಿಸಿ

ಗೊರೂರಿನ ಹತ್ತಿರ ನಮ್ಮದು ನಾಲ್ಕು ಹೊಂಡ. ಸಾಮಾನ್ಯ ಗೆಂಡೆ ಮರಿ ಮಾಡಿ ಸುತ್ತಲಿನ ಕೆರೆಯವರಿಗೆ ಕೊಡುತ್ತೇನೆ. ಮೊದಲೆಲ್ಲ ಹೊಟ್ಟೆ ದಪ್ಪಗಿರುವ ಹೆಣ್ಣು ಸಿಕ್ಕರೆ ಸಾಕು, ಗಂಡು ನಾಲ್ಕೈದು ಇದ್ದರಾಯಿತು ಅಂದುಕೊಂಡಿದ್ದೆ. ಒಂದೇ ಕಡೆಯಿಂದ ತಂದ ಮರಿ, ಅದರ ಮರಿ, ಮತ್ತೆ ಅದರ ಮರಿ. ಮೂರನೇ ಪೀಳಿಗೆಗೆ ಬಾಲ ಸೊಟ್ಟಗಿರುವ ಮರಿಗಳು ಜಾಸ್ತಿಯಾದವು. ಅದೇ ನೀರು, ಅದೇ ಮೇವು, ಬೆಳವಣಿಗೆ ಮಾತ್ರ ಇಲ್ಲ. ಒಡಹುಟ್ಟಿದವನ್ನೇ ಕೂಡಿಸುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಇದು ನನ್ನೊಬ್ಬನ ಕಥೆಯಲ್ಲ. ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳ ಬಗ್ಗೆ 1990ರಲ್ಲಿ ಬಂದ ಅಧ್ಯಯನದಲ್ಲಿ ಇಂಥ ಒಳತಳಿ, ಅಂದರೆ ರಕ್ತಸಂಬಂಧಿ ಮೀನುಗಳ ಕೂಡಿಕೆ, ವರ್ಷಕ್ಕೆ ಶೇಕಡಾ 2ರಿಂದ 17ರಷ್ಟು ಏರುತ್ತಿತ್ತು.

ಗಂಡು ಕಡಿಮೆಯಾದರೆ ತಳಿ ಎಷ್ಟು ಕುಗ್ಗುತ್ತದೆ ಅಂತ ತಿಳಿಯಲು ಒಂದು ಲೆಕ್ಕ ಕಲಿತುಕೊಳ್ಳಿ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, 4ರಿಂದ ಗುಣಿಸಿ, ಒಟ್ಟು ಮೀನಿನಿಂದ ಭಾಗಿಸಿ. 45 ಹೆಣ್ಣು, 5 ಗಂಡು ಇದ್ದರೆ ಬರುವುದು 18. ಹೊಂಡದಲ್ಲಿ 50 ಮೀನಿದ್ದರೂ ತಳಿಯ ಮಟ್ಟಿಗೆ 18 ಇದ್ದಂತೆ. 25 ಹೆಣ್ಣು, 25 ಗಂಡು ಇದ್ದರೆ ಪೂರ್ತಿ 50.

ಹೊಂಡದ ನೀರಲ್ಲಿ ಹಾಪಾ, ಅಂದರೆ ಬಲೆಬಟ್ಟೆಯ ತೊಟ್ಟಿ ಕಟ್ಟಿ, ಒಂದು ಹೆಣ್ಣಿಗೆ ಎರಡು ಗಂಡು ಬಿಡಿ. ಹೊಟ್ಟೆ ಮೆಲ್ಲಗೆ ಒತ್ತಿದರೆ ಹಾಲಿನಂಥದ್ದು ಬರುವುದು ಗಂಡು. ಮೊಟ್ಟೆ ಅಂಟಲು ಜಲಸಸ್ಯ ಹಾಕಿ. ಒಮ್ಮೆ ಬಳಸಿದ ಗಂಡಿನ ಈಜುರೆಕ್ಕೆಯ ತುದಿ ಚೂರು ಕತ್ತರಿಸಿ, ಗುರುತು ಸಿಗುತ್ತದೆ. ಮುಂದಿನ ತಾಯಿಮೀನಿಗೆ, ಅಂದರೆ ಮರಿ ಮಾಡಿಸುವ ಗಂಡು ಹೆಣ್ಣುಗಳಿಗೆ ಅಂತ ಎತ್ತಿಡುವಾಗ ಪ್ರತಿ ಹಾಪಾದಿಂದಲೂ ಅಷ್ಟಷ್ಟೇ ಮರಿ ತೆಗೆಯಿರಿ. ಚೆನ್ನಾಗಿ ಮರಿಯಾದ ಒಂದೇ ಹಾಪಾದಿಂದ ಬಾಚಿಕೊಳ್ಳುವ ಆಸೆ ಬರುತ್ತದೆ, ಬೇಡ. ಮಾರಾಟವಾಗದೆ ಉಳಿದ ಮೀನನ್ನಂತೂ ತಾಯಿಮೀನಾಗಿ ಇಟ್ಟುಕೊಳ್ಳಲೇಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಬೇರೆ ಕಡೆಯಿಂದ ಗಂಡು ತನ್ನಿ.

ಕರಾವಳಿಯಲ್ಲಿ ಸೀಬಾಸ್ ಸಾಕುವವರಿಗೆ ಇದು ಇನ್ನೂ ಕಷ್ಟ. ಆ ಮೀನು ಮೊದಲು ಗಂಡು, ವಯಸ್ಸಾದ ಮೇಲೆ ಹೆಣ್ಣು. ತೊಟ್ಟಿಯಲ್ಲಿ ಗುಂಪಾಗಿ ಮೊಟ್ಟೆಯಿಡುತ್ತವೆ. ಯಾವುದು ಯಾವುದರ ಮರಿ ಅಂತ ಕಣ್ಣಿಗೆ ಕಾಣುವುದಿಲ್ಲ, ಎಷ್ಟೋ ಸಲ ಕೆಲವೇ ಮೀನು ಬಹುಪಾಲು ಮರಿಗೆ ತಂದೆ ತಾಯಿ. ಸಮುದ್ರದಲ್ಲಾದರೆ ಸಾವಿರಾರು ಮೀನಿನ ಮೊಟ್ಟೆ ಬೆರೆಯುತ್ತದೆ. ಸಾಕಿದ ಮೀನು ಹೊರಗೆ ಹೋದರೂ ತೊಂದರೆಯೇ. ನಾರ್ವೆಯಲ್ಲಿ ಸಾಕಣೆಯ ಪಂಜರದಿಂದ ತಪ್ಪಿಸಿಕೊಂಡ ಸಾಲ್ಮನ್‌ಗಳು ನದಿಯ ಸಾಲ್ಮನ್‌ಗಳ ಜೊತೆ ಕೂಡಿ ಆ ತಳಿಯನ್ನೇ ಬದಲಿಸುತ್ತಿವೆ.

ನಮ್ಮ ಗೆಂಡೆಗೆ ಹೇಮಾವತಿಯಲ್ಲಿ ಕಾಡು ನೆಂಟರಿಲ್ಲ, ಅದು ಹೊರಗಿಂದ ಬಂದದ್ದು. ನದಿಯ ದೊಡ್ಡ ಮೀನಾದ ಮಹಸೀರ್ ಹಾಗಲ್ಲ. ಕಾವೇರಿಗೆ ಹೊರಗಿನ ನೀಲಿ ರೆಕ್ಕೆಯ ಮಹಸೀರ್ ತಂದು ಬಿಟ್ಟಮೇಲೆ ಇಲ್ಲಿಯದೇ ಆದ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿಗೆ ಬಂದಿದೆ. ಯಾರಾದರೂ ಪುಣ್ಯಕ್ಕೆ ಅಂತ ನದಿಗೆ ಬಿಡಲು ಮರಿ ಕೇಳಿದರೆ ನಾನು ಕೊಡುವುದಿಲ್ಲ. ಮುಂಗಾರಿಗೆ ಮುಂಚೆಯೇ ಕೋಡಿಗೆ ಬಲೆ ಕಟ್ಟುತ್ತೇನೆ. ನೀವೂ ಕಟ್ಟಿ, ಬಲೆಯ ಕಣ್ಣು ಮರಿಯ ತಲೆಗಿಂತ ಸಣ್ಣದಿರಲಿ.