ಆನ್‌ಲೈನಲ್ಲಿ ಜಕಾತ್ ಕೊಡುವ ಮುಂಚೆ ಇಷ್ಟು ನೋಡಿ

ರಂಜಾನ್ ಶುರುವಾದರೆ ಸಾಕು, ಶಿಡ್ಲಘಟ್ಟದ ವಾಟ್ಸಾಪ್ ಗ್ರೂಪುಗಳಲ್ಲಿ ಸಹಾಯ ಕೇಳುವ ಲಿಂಕುಗಳು ಒಂದರ ಹಿಂದೊಂದು ಬರುತ್ತವೆ. ಮಗುವಿನ ಆಪರೇಷನ್, ಡಯಾಲಿಸಿಸ್, ಕಾಲೇಜು ಫೀಸು. ಜಕಾತ್, ಅಂದರೆ ಅನುಕೂಲ ಇರುವ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ, ಕೊಡುವ ಮನಸ್ಸು ನಮ್ಮ ಜನಕ್ಕೆ ಇದ್ದೇ ಇದೆ. ದುಡ್ಡು ಸೇರಬೇಕಾದವರಿಗೆ ಸೇರುತ್ತಾ ಅನ್ನೋ ಅನುಮಾನಕ್ಕೇ ಎಷ್ಟೋ ಜನ ಹಿಂದೇಟು ಹಾಕುತ್ತಾರೆ. ಅನುಮಾನ ಬರಲಿ, ವಿಚಾರಿಸಿ ಕೊಡೋಣ.

ಮೊದಲು ಲೆಕ್ಕ ಹಾಕಿ. ನಗದು, ಬ್ಯಾಂಕಿನ ದುಡ್ಡು, ಚಿನ್ನ, ಬೆಳ್ಳಿ, ಮಾರೋಕಿಟ್ಟ ಮಾಲು ಎಲ್ಲ ಸೇರಿಸಿ, ಈಗ ತೀರಿಸಬೇಕಾದ ಸಾಲ ಕಳೆಯಿರಿ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ಆಗಿದ್ದರೆ ಮನೆಯಲ್ಲಿರುವ ಗೂಡು, ನೂಲು ಲೆಕ್ಕಕ್ಕೆ ಬರುತ್ತವೆ, ರೀಲಿಂಗ್ ಮಷೀನು ಬರಲ್ಲ. ಉಳಿದದ್ದು ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆ ದಾಟಿ, ಚಾಂದ್ರಮಾನದ ಒಂದು ವರ್ಷ ಕಳೆದಿದ್ದರೆ ನೂರಕ್ಕೆ ಎರಡೂವರೆ ಕೊಡಬೇಕು. 3 ಲಕ್ಷಕ್ಕೆ 7,500 ರೂಪಾಯಿ.

ಆಮೇಲೆ ಅದು ಜಕಾತ್ ಸಲ್ಲುವ ಕೆಲಸವಾ ನೋಡಿ. ಕುರಾನಿನ ತೌಬಾ ಸೂರಾದಲ್ಲಿ ಜಕಾತ್ ಪಡೆಯುವ ಎಂಟು ಬಗೆಯವರನ್ನು ಹೇಳಿದೆ. ಬಡವರು, ಸಾಲದಲ್ಲಿ ಸಿಕ್ಕಿಬಿದ್ದವರು ಅದರಲ್ಲಿದ್ದಾರೆ. ಮಸೀದಿ ಕಟ್ಟಡಕ್ಕೆ, ಬೋರ್‌ವೆಲ್ಲಿಗೆ ಜಕಾತ್ ಬೇಡ, ಸದಖಾ ಅಂದರೆ ಇಷ್ಟಪಟ್ಟು ಕೊಡುವ ದಾನ ಕೊಡಿ. ಗೊಂದಲವಾದರೆ ನಿಮ್ಮ ಮಸೀದಿಯ ಧರ್ಮಗುರು ಹಜರತ್‌ರನ್ನು ಕೇಳಿಬಿಡಿ.

ಮುಖ್ಯವಾದದ್ದು ಈಗ. ಲಿಂಕ್ ಒತ್ತಿದಾಗ ತೆರೆಯುವ ಪುಟದಲ್ಲಿರುವ ಫೋಟೋ ನೋಡಿ ಕರಗಿಹೋಗಬೇಡಿ, ಆಸ್ಪತ್ರೆಯ ಎಸ್ಟಿಮೇಟ್ ಪತ್ರ ದೊಡ್ಡದು ಮಾಡಿ ಓದಿ. ರೋಗಿಯ ಹೆಸರು, ತಾರೀಕು, ಮೊತ್ತ, ಸೀಲು, ಎಲ್ಲ ಹೊಂದುತ್ತವಾ? ಆಸ್ಪತ್ರೆಗೆ ಫೋನ್ ಮಾಡಿ, ಆದರೆ ಆ ಪುಟದಲ್ಲಿ ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ನಂಬರಿಗೆ. ದುಡ್ಡು ಆಸ್ಪತ್ರೆ ಖಾತೆಗೇ ಹೋಗುತ್ತಾ, ಯಾರದಾದರೂ ಸ್ವಂತ ಖಾತೆಗಾ ಅಂತಲೂ ಕೇಳಿ. ಯುಪಿಐ ಸ್ಕ್ಯಾನ್ ಮಾಡಿದಾಗ ಬೇರೆ ಯಾರದೋ ಹೆಸರು ಬಂದರೆ ಅಲ್ಲೇ ನಿಲ್ಲಿಸಿ.

ಪಾವತಿ ಮಾಡುವಾಗ ದುಡ್ಡು ಕೂಡಿಸಿಕೊಡುವ ಕೆಲವು ಆನ್‌ಲೈನ್ ವೇದಿಕೆಗಳು ತಮಗೆ ಅಂತ ಟಿಪ್ ಸೇರಿಸುತ್ತವೆ. ಅದು ಜಕಾತ್ ಲೆಕ್ಕಕ್ಕೆ ಸೇರಲ್ಲ, ಕೊಡೋದಾದರೆ ಬೇರೆ ದುಡ್ಡಿನಿಂದ ಕೊಡಿ. ಬಟನ್ ಒತ್ತುವ ಮುಂಚೆ ಜಕಾತ್ ಅಂತ ಮನಸ್ಸಲ್ಲಿ ನಿಯ್ಯತ್, ಅಂದರೆ ಸಂಕಲ್ಪ ಮಾಡಿಕೊಳ್ಳಿ. ರಸೀದಿ ಇಟ್ಟುಕೊಳ್ಳಿ, ಆದರೆ ಒಬ್ಬ ವ್ಯಕ್ತಿಗೆ ಕೊಟ್ಟ ದುಡ್ಡಿಗೆ ದಾನದ ತೆರಿಗೆ ವಿನಾಯಿತಿ ಸಿಗಲ್ಲ.

ಇಷ್ಟೆಲ್ಲ ಮಾಡಿದರೂ ಇಡೀ ಜಕಾತ್ ಫೋನಿನಲ್ಲೇ ಮುಗಿಸಬೇಡಿ ಅಂತ ನಾನು ಹೇಳುತ್ತೇನೆ. ಬಿಸಿನೀರಲ್ಲಿ ಗೂಡು ಬಿಚ್ಚಿ ಬೆರಳು ಬೆಂದ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಲಿಂಕ್ ಕಳಿಸಲ್ಲ, ಬಾಯಿಬಿಟ್ಟು ಕೇಳೋದೂ ಇಲ್ಲ. ಇನ್ನು ಫಿತ್ರಾ, ಅಂದರೆ ರಂಜಾನ್ ಮುಗಿಯುವಾಗ ಕೊಡುವ ದಾನ, ಈದ್ ನಮಾಜಿಗೆ ಮುಂಚೆಯೇ ಬಡವರಿಗೆ ಸೇರಬೇಕು. ಅದನ್ನು ಕೊನೆ ರಾತ್ರಿ ಆನ್‌ಲೈನಲ್ಲಿ ಹಾಕೋದಕ್ಕಿಂತ ಕೈಯಾರೆ ಕೊಟ್ಟುಬಿಡಿ.