ನನ್ನ 43 ಟ್ರ್ಯಾಕ್‌ಗಳನ್ನು ಕದ್ದ ಸೈಟಿನಿಂದ ತೆಗೆಸಿದ್ದು ಹೀಗೆ

"ಅದೆಲ್ಲ ಆಗೋ ಮಾತಲ್ಲ, ಸುಮ್ನೆ ಬಿಟ್ಟುಬಿಡು" ಅಂತ ಸಂಗೀತ ಮಾಡುವ ಗೆಳೆಯರೇ ಹೇಳಿದ್ದರು. ನಾನು ಬಿಡಲಿಲ್ಲ. ಐದು ತಿಂಗಳು ಹಿಡಿಯಿತು, ಆದರೆ ಇವತ್ತು ಆ ಸೈಟಿನಲ್ಲಿ ನನ್ನದು ಒಂದು ಟ್ರ್ಯಾಕೂ ಇಲ್ಲ.

ಗೊತ್ತಾಗಿದ್ದು ಬಿಲ್ಲಿನಿಂದ. ಕೇಳುಗರು ಹೆಚ್ಚಾಗಿರಲಿಲ್ಲ, ಆದರೂ ನನ್ನ ಸೈಟಿನ ಆ ತಿಂಗಳ ಹೋಸ್ಟಿಂಗ್ (ಸರ್ವರ್ ಬಾಡಿಗೆ) ಬಿಲ್ ಹೆಚ್ಚುಕಡಿಮೆ ಮೂರು ಪಟ್ಟು ಬಂತು. ಸರ್ವರ್ ಲಾಗ್ ತೆಗೆದು ನೋಡಿದರೆ ಎಂಪಿ3 ಫೈಲುಗಳ ಮುಕ್ಕಾಲು ಪಾಲು ಬೇಡಿಕೆಗೆ ಒಂದೇ ರೆಫರರ್, ಅಂದರೆ ಬೇಡಿಕೆ ಹೊರಟ ಸೈಟಿನ ವಿಳಾಸ. ಆ ಸೈಟಿಗೆ ಹೋದೆ. ಅರ್ಧ ಟ್ರ್ಯಾಕ್‌ಗಳು ನನ್ನ ಸರ್ವರಿನಿಂದಲೇ ನೇರವಾಗಿ ಓಡುತ್ತಿದ್ದವು. ಉಳಿದವನ್ನು ಇಳಿಸಿಕೊಂಡು ತಮ್ಮಲ್ಲೇ ಇಟ್ಟಿದ್ದರು. ಸುತ್ತ ಜಾಹೀರಾತು, ನನ್ನ ಹೆಸರು ಎಲ್ಲೂ ಇಲ್ಲ. ಒಂದು ಟ್ರ್ಯಾಕಿನ ಕೊನೆಗೆ ನಾನು ಕುರ್ಚಿಯಿಂದ ಏಳುವಾಗಿನ ಕಿರ್ ಸದ್ದು ಉಳಿದುಬಿಟ್ಟಿತ್ತು. ಅದೂ ಅಲ್ಲಿ ಹಾಗೇ ಕೇಳಿಸಿತು. ಹೊಟ್ಟೆ ಉರಿದುಹೋಯಿತು.

ಸಿಟ್ಟಿನಲ್ಲಿ ಮೊದಲ ತಪ್ಪು ಮಾಡಿದೆ. ಸಾಕ್ಷಿ ತೆಗೆದಿಡುವ ಮೊದಲೇ ಎಚ್‌ಟಿಆಕ್ಸೆಸ್‌ನಲ್ಲಿ (ಸರ್ವರಿಗೆ ನಿಯಮ ಹೇಳುವ ಫೈಲ್) ಆ ಸೈಟಿನ ರೆಫರರನ್ನು ತಡೆಯುವ ನಿಯಮ ಹಾಕಿದೆ. ಖಾಲಿ ರೆಫರರನ್ನೂ ತಡೆದಿದ್ದೆ, ಹಾಗಾಗಿ ಆಪ್‌ನಲ್ಲಿ ಕೇಳುವ ನನ್ನದೇ ಕೇಳುಗರಿಗೆ ಎರಡು ದಿನ ಹಾಡು ಬರಲಿಲ್ಲ. ಖಾಲಿ ರೆಫರರನ್ನು ತಡೆಯಬೇಡಿ. ಆಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಅವರ ಸೈಟಿನಿಂದ ಬೇಡಿಕೆ ಬಂದರೆ ಹಾಡಿನ ಬದಲು "ಇದರ ಮೂಲ ಇಲ್ಲಿದೆ" ಅಂತ ನನ್ನ ದನಿಯಲ್ಲಿ ಇಪ್ಪತ್ತು ಸೆಕೆಂಡು ಹೇಳುವ ಫೈಲ್ ಹೋಗುವ ಹಾಗೆ. ಮೂರು ದಿನಕ್ಕೆ ಇನ್ನೂರು ಜನರಾದರೂ ಹುಡುಕಿಕೊಂಡು ಬಂದರು. ನಾಲ್ಕನೇ ದಿನ ಕಳ್ಳ ಎಚ್ಚೆತ್ತು, ಉಳಿದಿದ್ದನ್ನೂ ತನ್ನ ಸರ್ವರಿಗೆ ನಕಲು ಮಾಡಿಕೊಂಡ. ನನ್ನ ಬಿಲ್ ಇಳಿಯಿತು, ಆದರೆ ಕೆಲಸ ಕಷ್ಟವಾಯಿತು.

ದುಡ್ಡು ಹೋಗಿದ್ದರ ಬಗ್ಗೆಯೂ ಹೇಳಬೇಕು. ಸೈಟಿನವನಿಗೆ ಮೂರು ಮೇಲ್ ಬರೆದೆ. "ನೆಟ್‌ನಲ್ಲಿ ಸಿಕ್ಕಿದ್ದು, ಎಲ್ಲರದ್ದೂ" ಅಂತ ಒಂದೇ ಉತ್ತರ. ವಕೀಲರ ಒಂದು ಪತ್ರಕ್ಕೆ ಕೇಳಿದ ಶುಲ್ಕ ನನ್ನ ಎಂಟು ತಿಂಗಳ ಟ್ರ್ಯಾಕ್ ಮಾರಾಟಕ್ಕಿಂತ ಜಾಸ್ತಿ. ಅದನ್ನು ಬಿಟ್ಟು, ಕದ್ದ ಫೈಲ್ ತೆಗೆಸಿಕೊಡಲು ಲಿಂಕಿಗೆ ಇಷ್ಟು ಅಂತ ತೆಗೆದುಕೊಳ್ಳುವ ಸೇವೆಯೊಂದಕ್ಕೆ ಹತ್ತು ಲಿಂಕಿನ ದುಡ್ಡು ಕಟ್ಟಿದೆ. ಅವರು ನೋಟಿಸ್ ಕಳಿಸಿದ್ದು ಡೊಮೇನ್, ಅಂದರೆ ಸೈಟಿನ ವಿಳಾಸ, ಮಾರಿದವರಿಗೆ! ಫೈಲ್ ಇರುವುದು ಸರ್ವರ್ ಜಾಗ ಕೊಡುವ ಹೋಸ್ಟ್ ಹತ್ತಿರ ಅಲ್ವಾ? ಒಂದು ಲಿಂಕೂ ಹೋಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ.

ಆಮೇಲೆ ನಾನೇ ಕೂತೆ. ಐಪಿ ಹುಡುಕಿದರೆ ಸಿಕ್ಕಿದ್ದು ಮುಂದೆ ನಿಂತಿದ್ದ ಸಿಡಿಎನ್, ಅಂದರೆ ನಡುವೆ ನಿಂತು ಸೈಟಿನ ಫೈಲುಗಳನ್ನು ಹಂಚುವ ಜಾಲ. ಅದರ ದೂರು ಫಾರ್ಮ್ ತುಂಬಿದಾಗ ಹಿಂದಿರುವ ನಿಜವಾದ ಹೋಸ್ಟ್ ಯಾರು ಅಂತ ಉತ್ತರ ಬಂತು. ಆ ಹೋಸ್ಟ್ ಅಮೆರಿಕದ್ದು. ಅಂದರೆ 1998ರ ಡಿಎಂಸಿಎ ನಡೆಯುತ್ತದೆ, ನೋಟಿಸ್ ಕೊಟ್ಟು ಕದ್ದದ್ದನ್ನು ತೆಗೆಸಲು ದಾರಿ ಇರುವ ಅಲ್ಲಿನ ಕಾಪಿರೈಟ್ ಕಾಯ್ದೆ. ನೋಟಿಸ್ ಯಾರ ಹೆಸರಿಗೆ ಹೋಗಬೇಕು ಅನ್ನುವುದು ಅಮೆರಿಕದ ಕಾಪಿರೈಟ್ ಕಚೇರಿಯ ಏಜೆಂಟ್ ಪಟ್ಟಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಇಂಥ ನೋಟಿಸಿಗೆ ಕಾಪಿರೈಟ್ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲ ಅಂತಲೇ ಎಷ್ಟೋ ಜನ ಕೈಕಟ್ಟಿ ಕೂರುತ್ತಾರೆ.

ನನ್ನ ಮೊದಲ ನೋಟಿಸ್ ತಿರಸ್ಕಾರವಾಯಿತು, ಯಾಕೆಂದರೆ ಸೈಟಿನ ಮುಖಪುಟ ಮಾತ್ರ ಕೊಟ್ಟಿದ್ದೆ. ಎರಡನೆಯದರಲ್ಲಿ ಸಾಲಿಗೊಂದು ಟ್ರ್ಯಾಕ್. ಎಡಕ್ಕೆ ನನ್ನ ಪುಟ, ಬಲಕ್ಕೆ ಅವರ ಫೈಲಿನ ನೇರ ಲಿಂಕ್. ಕೆಳಗೆ ವಿಳಾಸ, ಸಹಿ, ಮತ್ತೆ ಕಾಯ್ದೆ ಕೇಳುವ ಎರಡು ಹೇಳಿಕೆ. ಅದರಲ್ಲಿ ಒಂದು, ಹಕ್ಕುದಾರರ ಪರವಾಗಿ ದೂರುವ ಅಧಿಕಾರ ನನಗಿದೆ ಅಂತ, ಸುಳ್ಳಾದರೆ ಶಿಕ್ಷೆಯುಂಟು ಅಂತ ಒಪ್ಪಿಕೊಂಡು ಬರೆಯುವಂಥದ್ದು. ಹಾಗಾಗಿ ಗೆಳತಿ ಪಿಟೀಲು ನುಡಿಸಿದ್ದ ಟ್ರ್ಯಾಕಿಗೆ ಅವಳ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡೆ. ಬೇರೆಯವರ ರಾಗಸಂಯೋಜನೆಯನ್ನು ನಾನು ನುಡಿಸಿದ್ದ ಒಂದು ಟ್ರ್ಯಾಕಿಗೆ ಪ್ರತ್ಯೇಕ ನೋಟಿಸ್, ಅದರಲ್ಲಿ ಧ್ವನಿಮುದ್ರಣ ಮಾತ್ರ ನನ್ನದು ಅಂತ.

ಸಾಕ್ಷಿಯ ಕೆಲಸ ನನಗೆ ತುಂಬಾ ಇಷ್ಟವಾಯಿತು. ಹಾಗೇ ನಕಲಾದ ಫೈಲುಗಳ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎರಡೂ ಕಡೆ ಒಂದೇ, ಅಲ್ಲಿಗೆ ಮಾತು ಮುಗಿಯಿತು. ಮರು-ಎನ್‌ಕೋಡ್ ಆದವಕ್ಕೆ, ಅಂದರೆ ಮತ್ತೆ ಎಂಪಿ3 ಮಾಡಿ ಉಳಿಸಿದವಕ್ಕೆ, ನನ್ನದು ಅವರದ್ದು ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರ ಫೇಸ್ (ಸದ್ದಿನ ಅಲೆ) ತಲೆಕೆಳಗು ಮಾಡಿ ಒಟ್ಟಿಗೆ ಓಡಿಸಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಮೊದಲು ಹಾಡು ಜೋರಾಗೇ ಕೇಳಿಸಿತು, ಪರೀಕ್ಷೆ ಸೋತಿತು ಅಂದುಕೊಂಡೆ. ಎಂಪಿ3 ಮಾಡುವಾಗ ಶುರುವಿನಲ್ಲಿ ಸಾವಿರದಷ್ಟು ಸ್ಯಾಂಪಲ್ (ಸದ್ದಿನ ಪುಟ್ಟ ತುಣುಕು) ಖಾಲಿ ಸೇರಿಕೊಳ್ಳುತ್ತದೆ, ಅದನ್ನು ಸರಿಸಿದ ಮೇಲೆ ಹಾಡು ಮಾಯ. ಉಳಿದಿದ್ದು ತೆಳು ಸುಸ್ ಸದ್ದು ಮಾತ್ರ. ಕುರ್ಚಿಯ ಕಿರ್ ಕೂಡ ಸತ್ತುಹೋಗಿತ್ತು! ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸದ್ದು ಅಂತ ತೋರಿಸುವ ಚಿತ್ರ) ಅವರದ್ದು 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ನಿಂತಿತ್ತು. ನನ್ನ ಮೂಲ, ಕುಗ್ಗಿಸದ ವೇವ್ ಫೈಲ್ 20 ದಾಟಿ ಹೋಗುತ್ತದೆ. ಕತ್ತರಿಸಿದ್ದರಿಂದ ಪೂರ್ತಿಯದ್ದು ಹುಟ್ಟಲು ಸಾಧ್ಯವಿಲ್ಲವಲ್ಲ. ಹೋಸ್ಟ್ ಇಷ್ಟೆಲ್ಲ ಕೇಳುವುದಿಲ್ಲ, ಆದರೆ ಆ ಸೈಟಿನವನು ಪ್ರತಿನೋಟಿಸ್ (ತೆಗೆದದ್ದು ತಪ್ಪು ಅನ್ನುವ ಉತ್ತರ) ಹಾಕಿದ್ದರೆ ಇದು ಬೇಕಾಗುತ್ತಿತ್ತು. ಪ್ರತಿನೋಟಿಸ್ ಬಂದರೆ ನಾವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಫೈಲ್ ಮತ್ತೆ ಮೇಲೆ ಬರುತ್ತದೆ.

ಅದು ಬರಲಿಲ್ಲ. ನಾಲ್ಕೇ ದಿನಕ್ಕೆ 34 ಲಿಂಕ್ ಹೋದವು. ಉಳಿದ ಒಂಬತ್ತನ್ನು ಅವನು ಬೇರೆ ಹೋಸ್ಟಿಗೆ ಸಾಗಿಸಿದ. ಅದೇ ನೋಟಿಸ್, ಹೊಸ ಲಿಂಕ್, ವಾರದೊಳಗೆ ಅವೂ ಹೋದವು. ಜೊತೆಗೆ ಜಾಹೀರಾತು ಕೊಡುವ ಜಾಲಕ್ಕೂ ದೂರು ಕೊಟ್ಟಿದ್ದೆ. ಪುಟದಿಂದ ಜಾಹೀರಾತು ಮಾಯವಾಯಿತು. ಅವನಿಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಇದೇ ಅಂತ ನನ್ನ ನಂಬಿಕೆ. ಗೂಗಲ್ ಹುಡುಕಾಟದಿಂದಲೂ ತೆಗೆಸಿದೆ. ಅಲ್ಲಿಗೆ ಕಳಿಸಿದ ನೋಟಿಸಿನ ಪ್ರತಿ, ಇಂಥ ನೋಟಿಸುಗಳನ್ನು ಎಲ್ಲರಿಗೂ ತೋರಿಸುವ ಲುಮೆನ್ ಸಂಗ್ರಹಕ್ಕೆ ಹೋಗಿ ನಿಮ್ಮ ಹೆಸರು ಕಾಣಬಹುದು, ತಿಳಿದಿರಲಿ.

ಈಗ ಪ್ರತಿ ಟ್ರ್ಯಾಕಿನಲ್ಲೂ ಒಂದು ಗುರುತು ಹುದುಗಿಸಿದ್ದೇನೆ. ಫೈಲಿನೊಳಗಿನ ಹೆಸರಿನ ಟ್ಯಾಗ್ ಅಳಿಸಿದರೂ ಮರು-ಎನ್‌ಕೋಡ್ ಮಾಡಿದರೂ ಉಳಿಯುತ್ತದೆ, ಮೂರು ಸಲ ಪರೀಕ್ಷಿಸಿದ್ದೇನೆ. ಎಲ್ಲಿ, ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಕದಿಯುವವರೂ ಓದುತ್ತಾರೆ. ಹೋದ ವಾರ ಇನ್ನೊಂದು ಸೈಟಿನಲ್ಲಿ ಎರಡು ಟ್ರ್ಯಾಕ್ ಸಿಕ್ಕವು, ಎರಡರಲ್ಲೂ ಗುರುತು ಇತ್ತು. ಈ ಸಲ ಸಾಕ್ಷಿ ಮೊದಲು ತೆಗೆದಿಟ್ಟು ನೋಟಿಸ್ ಕಳಿಸಿದ್ದೇನೆ.